ಚಕ್ರದ ಡಾಕ್ಟರು ಅಂಟಿಸಿದ ಬಿಲ್ಲೆ

ಬೀದಿಯವರೆಲ್ಲ ಆ ಬೈಕ್ ರಿಪೇರಿ ಅಂಗಡಿಯವರನ್ನು ಚಕ್ರದ ಡಾಕ್ಟರು ಎನ್ನುತ್ತಿದ್ದರು. ಆ ಹೆಸರನ್ನು ಮೊದಲು ಇಟ್ಟುಕೊಂಡವರು ಅವರೇ. ಬೈಕಿನ ಚಕ್ರ ಅದುರದಂತೆ ರಿಮ್ಮಿಗೆ ತೂಕ ಸರಿದೂಗಿಸುವ ಸೀಸದ ಬಿಲ್ಲೆ ಅಂಟಿಸುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂಬುದು ಅವರ ನಂಬಿಕೆ. "ನಾನು ಅಂಟಿಸಿದ್ದು ಚಕ್ರ ಸವೆದ್ರೂ ಬೀಳಲ್ಲ" ಎನ್ನುತ್ತ, ಹೆಗಲ ಮೇಲಿನ ಹಳೇ ಬಟ್ಟೆಯಿಂದಲೇ ರಿಮ್ ಒರೆಸುತ್ತಿದ್ದರು. ಎಣ್ಣೆಜಿಡ್ಡು ಹೋಗಲೆಂದು ಸ್ಪಿರಿಟ್ ಹಾಕಿ ಒರೆಸುವ ಎದುರು ಗ್ಯಾರೇಜಿನವನನ್ನು ಕಂಡರೆ ಅವರಿಗೆ ನಗು.

ಆ ಬೆಳಿಗ್ಗೆ ಮಗಳ ಬೈಕಿನ ಮುಂದಿನ ಚಕ್ರಕ್ಕೆ ಮೂರು ಬಿಲ್ಲೆ ಅಂಟಿಸಿ ಹೆದ್ದಾರಿಗೆ ಕಳಿಸಿಕೊಟ್ಟರು. ಹತ್ತು ನಿಮಿಷದ ಮೇಲೆ ನೋಡಿದರೆ ಅಂಗಡಿ ಬಾಗಿಲಲ್ಲೇ ಒಂದು ಬಿಲ್ಲೆ ಬಿದ್ದಿತ್ತು. ಅದರ ಅಂಟಿನ ಮೇಲೆ ಎಣ್ಣೆಯ ಹೊಳಪು. ನಾಲ್ಕು ಹೆಜ್ಜೆ ಆಚೆ ಇನ್ನೊಂದು.

ಡಾಕ್ಟರು ಎರಡನ್ನೂ ಹೆಕ್ಕಿಕೊಂಡರು. ವೇಗ ಏರಿದರೆ ಹ್ಯಾಂಡಲ್ ಹೇಗೆ ಒದ್ದಾಡುತ್ತದೆ, ಪಕ್ಕದಲ್ಲಿ ಲಾರಿಯಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಏಳು ಸಲ ಫೋನ್ ಮಾಡಿದರೂ ಮಗಳು ಎತ್ತಲಿಲ್ಲ. ಗಾಡಿ ಓಡಿಸುವಾಗ ಯಮನೇ ಕರೆದರೂ ಫೋನ್ ಎತ್ತಬೇಡ ಎಂದು ಹೇಳಿಕೊಟ್ಟವರು ಇವರೇ.

ಕೊನೆಗೆ ಅವಳೇ ಮಾಡಿದಳು. "ಅಪ್ಪಾ, ಹ್ಯಾಂಡಲ್ ನಡುಗ್ತಿತ್ತು, ಪಕ್ಕಕ್ಕೆ ಹಾಕಿ ನಿಂತಿದ್ದೀನಿ. ಬಿಲ್ಲೆ ಅಂತೂ ಬಿದ್ದಿರಲ್ಲ ಬಿಡು, ನೀನು ಅಂಟಿಸಿದ್ದಲ್ವಾ. ಬೇರೇನೋ ಇರ್ಬೇಕು."

ಡಾಕ್ಟರು ಕೈಯಲ್ಲಿದ್ದ ಬಿಲ್ಲೆಗಳನ್ನು ನೋಡಿದರು. "ಅದೇ ಬಿದ್ದಿರೋದು ಕಣಮ್ಮ. ಅಲ್ಲೇ ಇರು, ಬಂದೆ."

ಆಮೇಲೆ ಎದುರು ಗ್ಯಾರೇಜಿಗೆ ಓಡಿ ಸ್ಪಿರಿಟ್ ಬಾಟಲಿಗೆ ಕೈಚಾಚಿದರು.