ತಂಗಿಯ ಬಗ್ಗೆ ಕೇಳಿ ಬಂದ ಫೋನು

ನಾನು ಮರಾಠಿ ನಾಡಿನ ಯೆರವಡಾದಲ್ಲಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ಇದು ಅವ್ವ ಹಚ್ಚಿದ ಒಲೆ. ಏಳನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅವ್ವ ನನ್ನನ್ನು ಶಾಲೆ ಬಿಡಿಸಿ ಇದರ ಮುಂದೆ ಕೂರಿಸಿದಳು. ತಂಗಿ ಆಗ ಇನ್ನೂ ತೊದಲುತ್ತಿದ್ದಳು. ಅವಳನ್ನಾದರೂ ಓದಿಸೋಣ ಎಂದವಳು ಅವ್ವನೇ. ಅವ್ವ ತೀರಿಕೊಂಡ ಮೇಲೆ ಒಲೆಯೂ ತಂಗಿಯೂ ನನ್ನ ಪಾಲಿಗೆ ಬಂದರು. ಅವಳು ಬಿ.ಕಾಂ. ಮುಗಿಸಿದ್ದು ನಾನು ಬಡಿದ ರೊಟ್ಟಿಯ ಮೇಲೆ. ಇದನ್ನು ನಾನು ಎಷ್ಟು ಸಲ ಅವಳಿಗೆ ಹೇಳಿ ತೋರಿಸಿದ್ದೇನೋ ಲೆಕ್ಕವಿಲ್ಲ.

ಈಗ ರೊಟ್ಟಿ ಬಡಿಯುವ ಹೆಂಗಸರು ಸಿಗುವುದಿಲ್ಲ. ಬಾಗಿಲಿಗೆ ಬೋರ್ಡು ಹಾಕಿದೆ, ಓಣಿಯಲ್ಲೆಲ್ಲ ಹೇಳಿದೆ. ಬರುತ್ತಾರೆ, ಎರಡು ದಿನ ಬಡಿಯುತ್ತಾರೆ, ಮೂರನೆಯ ದಿನ ಫೋನು ಎತ್ತುವುದಿಲ್ಲ. ಪಕ್ಕದಲ್ಲೇ ಐಟಿ ಕಂಪನಿಗಳ ದೊಡ್ಡ ಕಟ್ಟಡಗಳಿವೆ. ಅಲ್ಲಿ ಹೌಸ್‌ಕೀಪಿಂಗ್‌ಗೆ ಸೇರಿದರೆ ಯೂನಿಫಾರಂ, ವಾರಕ್ಕೊಂದು ರಜೆ. ಕಲಬುರಗಿ ಕಡೆಯ ಒಬ್ಬಾಕೆ ಬಿಟ್ಟು ಹೋಗುವಾಗ ಮುಖಕ್ಕೆ ಹೊಡೆದಂತೆ ಹೇಳಿದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ನಿಮ್ಮ ಒಲಿ ಮುಂದ ಮಾರಿ ಸುಟ್ಕೊಳ್ಳೋದಕ್ಕಿಂತ ಅಲ್ಲಿ ಸಂಡಾಸ ತೊಳಿಯೋದು ತಂಪ ಅದ."

"ಹೋಗು, ತೊಳಿ ಹೋಗು," ಎಂದೆ. ಅವಳು ನಗುತ್ತಲೇ ಹೋದಳು.

ಹೀಗೆ ಜನ ಇಲ್ಲದ ಒಲೆಯ ಮುಂದೆ ಬಿ.ಕಾಂ. ಓದಿದ ತಂಗಿ ಬಂದು ಕೂತಳು. ಬೆಳಿಗ್ಗೆ ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಖಾನಾವಳಿಯವರ ಆರ್ಡರು ಬರೆದುಕೊಳ್ಳುವುದು, ಮಧ್ಯಾಹ್ನ ತಲೆ ಬಾಚಿಕೊಂಡು ಇಂಟರ್‌ವ್ಯೂಗೆ ಓಡುವುದು. ಎರಡು ವರ್ಷ ಹಾಗೆ ಓಡಿದಳು. ಹೋದಲ್ಲೆಲ್ಲ ಅನುಭವ ಎಷ್ಟು ಎಂದು ಕೇಳುತ್ತಿದ್ದರು. ಅನುಭವ ಬೇಕಿಲ್ಲ ಎಂದು ಜಾಹೀರಾತು ಕೊಟ್ಟವರೂ ಅದನ್ನೇ ಕೇಳುತ್ತಿದ್ದರು. ಒಂದು ಇಂಟರ್‌ವ್ಯೂನಲ್ಲಿ ಕೇಳುವ ಮನುಷ್ಯನೇ ಇರಲಿಲ್ಲ. ಫೋನಿನ ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಇವಳು ಕ್ಯಾಮೆರಾ ನೋಡಿ ಉತ್ತರ ಹೇಳಬೇಕು. ಒಳ್ಳೆಯ ಚೂಡಿದಾರ ಹಾಕಿಕೊಂಡು ಹಿಟ್ಟಿನ ಚೀಲದ ಮೇಲೆ ಕೂತಳು.

"ಅಕ್ಕಾ, ಐದ ಮಿನಿಟು ಬಡಿಯೋದು ನಿಲ್ಲಸವಾ."

ನಿಲ್ಲಿಸಿದೆ. ಅವಳು ಗೋಡೆಗೆ ಒರಗಿಸಿದ ಫೋನಿನ ಮುಂದೆ ಇಂಗ್ಲಿಷಿನಲ್ಲಿ ತನ್ನ ಗುಣಗಳನ್ನು ತಾನೇ ಹೇಳಿಕೊಳ್ಳುತ್ತಿದ್ದಳು. ಆ ಫೋನಿನವರು ಇಲ್ಲ ಎಂದೂ ತಿಳಿಸಲಿಲ್ಲ.

ಕೊನೆಗೆ ಶಿವಾಜಿನಗರದಲ್ಲಿ ಸರಕು ಸಾಗಿಸುವ ಒಂದು ಕಂಪನಿಯ ಆಫೀಸಿನಲ್ಲಿ ಎರಡು ಸುತ್ತು ಪಾಸಾದಳು. ಖಾಯಂ ಕೆಲಸ. ಮೊದಲು ಎಲ್ಲಿ ಕೆಲಸ ಮಾಡಿದ್ದಿ, ಅಲ್ಲಿಯ ಮಾಲಕರ ನಂಬರು ಕೊಡು ಎಂದರಂತೆ. ಇವಳು ನಮ್ಮ ಒಲೆಯನ್ನೇ ಬರೆದಳು, ನನ್ನ ನಂಬರು ಕೊಟ್ಟಳು. ಸುಳ್ಳೇನಲ್ಲ, ಎರಡು ವರ್ಷ ಆರ್ಡರು ನೋಡಿಕೊಂಡವಳು ಅವಳೇ.

"ಅವರ ಫೋನ್ ಬರ್ತದ. ನೀ ಅಕ್ಕ ಅಂತ ಹೇಳಬ್ಯಾಡ ಮತ್ತ. ಕೆಲಸ ಹೆಂಗ ಮಾಡ್ತಾಳ ಅಂದ್ರ ಛಲೋ ಮಾಡ್ತಾಳ ಅನ್ನು. ಅಷ್ಟ ಸಾಕು."

"ನಿನ್ನ ಮಾಲಕಿ ನಾನು ಅನ್ನು ಹಂಗಾದ್ರ."

"ಹೌದ್ರಿ ಮ್ಯಾಡಮ್," ಎಂದು ಕೈಮುಗಿದು ನಕ್ಕಳು.

ಫೋನು ಬಂದ ದಿನ ಅವಳು ಅಂಗಡಿಗೆ ಹೋಗಿದ್ದಳು. ಅಂದೇ ಬೆಳಿಗ್ಗೆ ಇನ್ನೊಬ್ಬ ಹೆಂಗಸು ಕೈ ಕೊಟ್ಟಿದ್ದಳು. ಮದುವೆ ಮನೆಯೊಂದರ ಆರ್ಡರು ಅರ್ಧಕ್ಕೆ ನಿಂತಿತ್ತು. ಹಿಂದಿಯಲ್ಲಿ ಮಾತಾಡಿದ ಹೆಣ್ಣುಮಗಳು ಸೌಮ್ಯವಾಗಿ ಕೇಳಿದಳು. ಕೆಲಸ ಹೇಗೆ ಮಾಡುತ್ತಾರೆ? ಚೆನ್ನಾಗಿ, ಎಂದೆ. ನಂಬಿಗಸ್ತರೇ? ಹೌದು, ಎಂದೆ. ಆಮೇಲೆ ಅವಳು ಉಸಿರು ಬಿಟ್ಟು ಹೇಳಿದಳು: "ದೀದಿ, ಜನ ನಿಲ್ಲೋದೇ ಇಲ್ಲ. ಕೆಲಸ ಕಲಿಸಿಕೊಡುತ್ತೇವೆ, ಬಿಟ್ಟು ಹೋಗುತ್ತಾರೆ. ಇವರು ನಿಲ್ಲುತ್ತಾರಾ?"

ಆ ದನಿಯ ಬೇಸರ ನನಗೆ ಚೆನ್ನಾಗಿ ಗೊತ್ತಿದ್ದ ಬೇಸರ. ಅದಕ್ಕೆ ಏನು ಹೇಳಿದರೆ ಅವಳು ಹಿಂದೆ ಸರಿಯುತ್ತಾಳೆ ಎಂಬುದೂ ಗೊತ್ತಿತ್ತು.

"ಮದುವೆ ಗೊತ್ತಾಗಿದೆ," ಎಂದೆ. "ಗಂಡನ ಮನೆ ಬೆಳಗಾವಿ."

ವರ ಎಲ್ಲಿಂದ ಬರಬೇಕು? ಅವಳಿಗೆ ಒಂದು ಗಂಡು ನೋಡಿರಲೂ ಇಲ್ಲ ನಾನು. ಬೆಳಗಾವಿಯನ್ನು ಯಾರೂ ಕೇಳಿರಲಿಲ್ಲ, ನಾನೇ ಸೇರಿಸಿದೆ. ಆ ಕಡೆಯವಳು ಥ್ಯಾಂಕ್ಯೂ ಎಂದು ಇಟ್ಟಳು.

ಒಂದು ವಾರ ತಂಗಿ ಫೋನು ಕೈಯಿಂದ ಬಿಡಲಿಲ್ಲ. ಕಡೆಗೆ ತಾನೇ ಮಾಡಿದಳು. ಬೇರೆಯವರನ್ನು ತೆಗೆದುಕೊಂಡೆವು ಎಂದರು.

"ಅಕ್ಕಾ, ನಿನ್ನ ಏನೇನ ಕೇಳಿದ್ರು ಅವರು?"

"ಏನೋ ಕೇಳಿದ್ರವಾ. ಹಿಂದಿ ನನಗೆಲ್ಲಿ ಪೂರಾ ತಿಳೀತದ? ಏಳನೇ ಇಯತ್ತೆ ಕಲ್ತಾಕಿ ನಾ."

ಖಾನಾವಳಿಯವರ ಜೊತೆ ದಿನವೂ ಹಿಂದಿಯಲ್ಲೇ ಜಗಳಾಡುವವಳು ನಾನು. ಅದು ಅವಳಿಗೂ ಗೊತ್ತು. ಆದರೂ ನಂಬಿದಳು. ನನ್ನ ಓದು ನಿಂತದ್ದನ್ನು ನೆನೆದರೆ ಅವಳಿಗೆ ಯಾವಾಗಲೂ ಒಂದು ಸಂಕೋಚ ಇತ್ತು, ನಾನು ಅದರ ಮರೆಯಲ್ಲಿ ನಿಂತುಕೊಂಡೆ.

"ಬಿಡು ಅಕ್ಕಾ. ನಿಂದೇನ ತಪ್ಪದ," ಎಂದು ಹಿಟ್ಟು ನಾದುವ ಪರಾತ ಎಳೆದುಕೊಂಡಳು. ನನಗೆ ಅಳು ಬರಲಿಲ್ಲ. ನಾಳೆಯ ಆರ್ಡರು ಮುಗಿಯುತ್ತದೆ ಎಂದು ಎದೆ ಹಗುರಾಯಿತು. ಬರೆಯಲು ಕಷ್ಟವಾಗುತ್ತಿರುವುದು ಈ ಮಾತು.

ಮತ್ತೆ ಆ ಹೆಣ್ಣುಮಗಳ ಫೋನು ಬಂದಾಗ ನಾಲ್ಕು ತಿಂಗಳಾಗಿತ್ತು. ತಂಗಿ ಎದುರಿಗೇ ಕೂತು ಬಡಿಯುತ್ತಿದ್ದಳು. ಅವಳ ಫೋನು ಚಾರ್ಜಿಲ್ಲದೆ ಸತ್ತಿತ್ತು. ಹೊಸ ನಂಬರು ಯಾವುದೋ ಆರ್ಡರಿನದು ಇರಬೇಕೆಂದು, ಹಿಟ್ಟಿನ ಕೈ ಹಚ್ಚದೆ, ಬೆರಳ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ದೀದಿ, ಆವತ್ತು ಮದುವೆ ಗೊತ್ತಾಗಿದೆ ಅಂದಿದ್ದಿರಿ, ಅದಕ್ಕೇ ನಾವು ಬೇರೆಯವರನ್ನು ತಗೊಂಡೆವು. ಆ ಹುಡುಗಿ ಎರಡೇ ತಿಂಗಳಲ್ಲಿ ಬಿಟ್ಟು ಹೋದಳು. ಆಮೇಲೆ ಬಂದವನೂ ಹೋದ. ನಿಮ್ಮವರು ಬೆಳಗಾವಿಗೆ ಹೋದರಾ, ಇಲ್ಲೇ ಇದ್ದಾರಾ?"

ತಂಗಿಯ ಕೈ ನಿಂತಿತು. ಫೋನು ಆರಿಸಬಹುದಿತ್ತು ನಾನು. ಆರಿಸಲಿಲ್ಲ. ಅವಳು ಸೀರೆಯ ತುಂಡಿಗೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು.

"ನಾನೇ ಮಾತಾಡ್ತಿದ್ದೇನೆ ಮೇಡಂ. ಇಲ್ಲೇ ಇದ್ದೇನೆ. ನನ್ನ ಮದುವೆ ಗೊತ್ತಾಗಿರಲಿಲ್ಲ."

ಆ ಹೆಣ್ಣುಮಗಳು ಹೇಳಿದಳು, ಆಗಿನ ಖಾಯಂ ಜಾಗ ಈಗಿಲ್ಲ, ಮೇಲಿನವರು ತೆಗೆದುಹಾಕಿದ್ದಾರೆ, ಆರು ತಿಂಗಳ ಕಾಂಟ್ರ್ಯಾಕ್ಟ್ ಮಾತ್ರ, ಮುಂದೆ ನೋಡೋಣ, ನಾಳೆಯೇ ಬರಬೇಕು. ತಂಗಿ ಎಲ್ಲಕ್ಕೂ ಹೌದು ಎಂದಳು. ಬೇಡ ಎನ್ನುವ ಸ್ಥಿತಿಯಲ್ಲಿ ನಾನು ಅವಳನ್ನು ಇಟ್ಟಿರಲಿಲ್ಲ.

ಫೋನು ಇಟ್ಟ ಮೇಲೆ ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದು ಬುಟ್ಟಿಗೆ ಹಾಕಿದಳು. ಸುಡಲು ಬಿಡಲಿಲ್ಲ.

"ಅಕ್ಕಾ, ಮಂದಿ ಸಿಗವಲ್ರು, ನೀ ಇರು ಅಂತ ನನಗ ಹೇಳಬೇಕಿತ್ತು."

"ಹೇಳಿದ್ರ ನೀ ಇರ್ತಿದ್ದಿ ಏನ?"

"ಇರ್ತಿದ್ದೆ," ಎಂದಳು. "ಅದಕ್ಕ ನಿನಗ ಹೇಳಾಕ ಆಗಲಿಲ್ಲ. ಬೇಡಿಕೊಂಡಂಗ ಆಗ್ತಿತ್ತಲ್ಲ."

ಅಂದೇ ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಉಳಿದ ಹಿಟ್ಟು ಮುಗಿಸಿ ಎದ್ದಳು. ಮೊದಲ ತಿಂಗಳು ಇಲ್ಲಿಂದಲೇ ಹೋಗಿ ಬಂದಳು, ಆಮೇಲೆ ಆಫೀಸಿನ ಹತ್ತಿರ ಹುಡುಗಿಯರ ಜೊತೆ ರೂಮು ಮಾಡಿದಳು. ಯೆರವಡಾದಿಂದ ಶಿವಾಜಿನಗರ ಎಷ್ಟು ದೂರ? ಒಂದು ಬಸ್ಸು. ಹಬ್ಬಕ್ಕೆ ಬರುತ್ತಾಳೆ, ಉಂಡು ಹೋಗುತ್ತಾಳೆ. ಕಾಂಟ್ರ್ಯಾಕ್ಟ್ ಎರಡನೆಯ ಸಲ ಆರು ತಿಂಗಳಿಗೆ ಬರೆದಿದ್ದಾರೆ ಎಂದು ಬೇರೆಯವರ ಬಾಯಿಂದ ಕೇಳಿದೆ.

ಓಣಿಯವರು ಕೇಳುತ್ತಾರೆ, ತಂಗಿ ಕಾಣಿಸುವುದಿಲ್ಲವಲ್ಲ ಎಂದು. ನೌಕರಿ ಹತ್ತಿತು ಎನ್ನುತ್ತೇನೆ.

"ನೀ ಒಲಿ ಮುಂದ ಕುಂತು ಓದಿಸಿದಿ ನೋಡವಾ, ನಿನ್ನಿಂದ ಆಕೀ ಬಾಳೇ ಛಲೋ ಆತು," ಎಂದು ಎದುರು ಮನೆಯ ಅಜ್ಜಿ ಮೊನ್ನೆ ನನ್ನ ಗಲ್ಲ ಸವರಿದಳು.

ಹೂಂ ಅಂದೆ.