ಹದಿನಾರು ಕರಟ

ಮೊದಲು ನಕ್ಕವನು ನಾನೋ ಹೆಡ್‌ಮಾಸ್ತರರೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪು ಯಾವಾಗಲೂ ನನ್ನ ಪರವೇ ಸಾಕ್ಷಿ ಹೇಳುವುದರಿಂದ, ನಾನೇ ನಕ್ಕೆ ಎಂದಿಟ್ಟುಕೊಳ್ಳುತ್ತೇನೆ.

ಬಣ್ಣದ ಮಾದಯ್ಯನ ಸೊಂಟದಲ್ಲಿ ದಾರ ಕಟ್ಟಿದ ಒಂದು ಕರಟ ತೂಗುತ್ತಿತ್ತು. ಅದೇ ಅವನ ಅಳತೆ. ಬಣ್ಣ ಒಳಗೆ ಪದರ ಕಟ್ಟಿದರೆ ಅಳತೆ ತಪ್ಪುತ್ತದೆಂದು ದಿನಾ ಸಂಜೆ ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಹೊನ್ನೂರಿನವನು, ಕೊಳ್ಳೇಗಾಲದ ನೇಕಾರರ ಮನೆಗಳ ಬಾಗಿಲು ಕಿಟಕಿಗಳಿಗೆಲ್ಲ ಅವನದೇ ಕೈ.

ನಾನು ಆಗ ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಕೊಳ್ಳೇಗಾಲದ ಶಾಲೆಗೆ ಬಂದ ಹೊಸ ಗಣಿತದ ಮೇಷ್ಟ್ರು. ಗ್ಯಾಲನ್ ಹೋಗಿ ಲೀಟರ್ ಬರುತ್ತಿದ್ದ ಕಾಲ. ಶಾಲೆಗೆ ಹಸಿರು ಬಳಿಯಲು ಬಂದಿದ್ದ ಮಾದಯ್ಯನನ್ನೇ ನೋಡಿ ಮಕ್ಕಳಿಗೊಂದು ಲೆಕ್ಕ ಕೊಟ್ಟೆ: ಒಂದು ಪಾಲು ನೀಲಿಗೆ ಎರಡು ಪಾಲು ಹಳದಿ ಬೆರೆಸಿ ಹದಿನೆಂಟು ಕರಟ ಹಸಿರು ಮಾಡಲು ನೀಲಿ ಎಷ್ಟು?

ಮಕ್ಕಳು ಬಾಯಿ ಬಿಡುವ ಮೊದಲೇ ಕಿಟಕಿಯಾಚೆಯಿಂದ ಉತ್ತರ ಬಂತು: "ಆರು ಸಾ. ಆದ್ರೆ ಐದೇ ಉಯ್ಯದು. ಆರ್ನೇದ್ನ ಕಣ್ಣು ಒಪ್ಪುದ್ರೆ ಉಯ್ಯದು."

ತರಗತಿಯೆಲ್ಲ ನಕ್ಕಿತು. ನನಗೆ ಅದು ಹಿಡಿಸಲಿಲ್ಲ. ಮುಂದೆ ನಡೆದದ್ದಕ್ಕೆ ಅದೂ ಕಾರಣವಿರಬಹುದೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಹಿಂದಿನ ಸಲ ಎಂಟು ಡಬ್ಬ ಬಣ್ಣಕ್ಕೆ ಶಾಲೆಯ ಹದಿನೆಂಟು ಕೋಣೆಗಳ ಬಾಗಿಲು, ಕಿಟಕಿ ಮುಗಿದಿದ್ದವು. ಈ ಸಲ ಎಂಟೂ ಖಾಲಿಯಾದರೂ ಎರಡು ಕೋಣೆ ಉಳಿದವು. ಹೆಡ್‌ಮಾಸ್ತರರು ಲೆಕ್ಕ ಹಾಕಲು ನನಗೇ ಹೇಳಿದರು. ಬೋರ್ಡಿನ ಮೇಲೆ ಭಾಗಿಸಿ ತೋರಿಸಿದೆ: ಹದಿನಾರು ಕೋಣೆಗೆ ಏಳು ಡಬ್ಬ, ಮೇಲೆ ತುಸು ಸಾಕು. ಎಂಟನೆಯದರಲ್ಲಿ ಮಿಕ್ಕಿದ್ದೆಲ್ಲಿ?

"ಡಬ್ಬನೇ ಚಿಕ್ಕದಾಗ್ಬುಟ್ಟದ ಸಾ," ಎಂದ ಮಾದಯ್ಯ. "ಮುಂಚೆ ಹದಿನೆಂಟು ಕರಟ ಇಡೀತಿತ್ತು. ಈಗ ಹದಿನಾರೇಯ."

"ಡಬ್ಬ ಚಿಕ್ಕದಾಯ್ತೋ, ನಿನ್ನ ಕರಟ ಬೆಳೀತೋ ಮಾದಯ್ಯ?" ಎಂದೆ. ಆಗಲೇ ಆ ನಗು.

ಅವನು ಕರಟ ಬಿಚ್ಚಿ ಮೇಜಿನ ಮೇಲಿಟ್ಟ. "ನೀವೇ ಅಳೀರಿ ಸಾ. ನೀರು ಉಯ್ದು ಅಳೀರಿ."

ಖಾಲಿ ಡಬ್ಬಗಳು ಜಗಲಿಯಲ್ಲೇ ಇದ್ದವು, ಮೈಮೇಲೆಲ್ಲ ಹಸಿರು ಸುರಿದುಕೊಂಡು. ಎದ್ದು ಹೋಗಿ ಅಳೆಯಲು ಐದು ನಿಮಿಷ ಸಾಕಿತ್ತು. ಬೋರ್ಡಿನ ಮೇಲೆ ಉತ್ತರ ಇರುವಾಗ ಅಳೆಯುವುದು ಯಾಕೆ? ನಾನು ಏಳಲಿಲ್ಲ.

ಮಗ್ಗದ ಮೇಲೆ ರೇಷ್ಮೆ ಇರುವ ಮನೆಯೊಳಕ್ಕೆ ಕಳ್ಳನೆಂಬ ಹೆಸರು ಬಂದವನನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. ಆ ದೀಪಾವಳಿಗೆ ಕೊಳ್ಳೇಗಾಲದಲ್ಲಿ ಒಂದು ಮನೆಯವರೂ ಅವನನ್ನು ಕರೆಯಲಿಲ್ಲ. ಅವನು ಊರು ಬಿಟ್ಟ.

ಕೆಲವು ವರ್ಷಗಳ ನಂತರ ಬೆಟ್ಟದ ದಾರಿಯ ಹನೂರಿನಲ್ಲಿ ಕಂಡ. ಯಾರದೋ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದ. ಸೊಂಟದಲ್ಲಿ ಕರಟ ಇರಲಿಲ್ಲ.

"ಹೇಗಿದೀಯ ಮಾದಯ್ಯ?" ಎಂದೆ.

ಕುಂಚ ನಿಲ್ಲಿಸದೆ ಹೇಳಿದ: "ಚೆಂದಾಗಿವ್ನಿ ಸಾ. ಎತ್ತು ಲೆಕ್ಕ ಕೇಳಾಕಿಲ್ಲ."

ಅವನು ತೀರಿಕೊಂಡ ಸುದ್ದಿ ಬಂದ ವಾರ, ಶಾಲೆಯ ಉಗ್ರಾಣದಲ್ಲಿ ಸೀಮೆಸುಣ್ಣ ತುಂಬಿಟ್ಟಿದ್ದ ಒಂದು ಹಳೆಯ ಡಬ್ಬ ಕಣ್ಣಿಗೆ ಬಿತ್ತು. ಆ ಎಂಟರಲ್ಲೊಂದು. ಅದಕ್ಕೂ ಹಿಂದಿನ ಸಲದವು ಗ್ಯಾಲನ್ ಡಬ್ಬಗಳು. ಗ್ಯಾಲನ್ ಎಂದರೆ ನಾಲ್ಕೂವರೆ ಲೀಟರಿಗಿಂತ ತುಸು ಹೆಚ್ಚು ಎಂದು ಆ ಹೊತ್ತಿಗೆ ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೆನೋ. ಬ್ಲೇಡು ತಂದು, ಒಣಗಿದ ಹಸಿರನ್ನು ಹೆರೆದು ಓದಿದೆ.

ನಾಲ್ಕು ಲೀಟರ್.