ನಾಲೆಯಲ್ಲಿ ನೆನೆಸಿದ ಚಕ್ರ

ಪಾಂಡವಪುರದ ಗೌಡರೊಬ್ಬರ ಕೊಟ್ಟಿಗೆಯಲ್ಲಿ ಅವರ ತಾತನ ಕಾಲದ ಅಮೆರಿಕದ ಕಾರೊಂದಿತ್ತು. ಎಂಟು ಸಿಲಿಂಡರಿನದು. ಆ ಮಾದರಿಯನ್ನು ಎರಡು ಮೂರು ವರ್ಷ ಮಾಡಿ ನಿಲ್ಲಿಸಿಬಿಟ್ಟರಂತೆ. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಅದರ ಚಕ್ರದ ಅರಗಳು ಮರದವು. ಹಾಗಾಗಿ ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅದು ಗಾಡಿ ಚಕ್ರ ಮಾಡುವ ನಮ್ಮಣ್ಣನ ಕೈಗೆ ಬಂತು.

ಮೂರು ಚಕ್ರ ಅಣ್ಣ ಸರಿಮಾಡಿದ. ಮುಂದಿನ ಎಡಗಡೆಯದನ್ನು ನನಗೆ ಬಿಟ್ಟ.

"ಸಡ್ಲ ಆಗಿರವ್ನೆಲ್ಲ ಕಿತ್ತು ಒಸಾವ ಕೂರ್ಸ್ಲಾ" ಎಂದು ಹೇಳಿ ಕೆ.ಆರ್. ಪೇಟೆಗೆ ಹೋದ.

ನಾನು ಒಂದು ಅರವನ್ನೂ ಕೀಳಲಿಲ್ಲ. ಸೋಮಾರಿತನ, ಬೇರೇನಲ್ಲ. ಚಕ್ರವನ್ನು ಎರಡು ದಿನ ನಾಲೆಯಲ್ಲಿ ಮುಳುಗಿಸಿಟ್ಟೆ. ಎತ್ತಿನಗಾಡಿಗೆ ನಾವು ಹಾಗೇ ಮಾಡುತ್ತೇವೆ. ಮರ ಉಬ್ಬಿ ಬಿಗಿಯಾಗುತ್ತದೆ, ಒಣಗಿದರೆ ಮತ್ತೆ ನೆನೆಸಿದರಾಯಿತು. ಕಾರಿನ ಚಕ್ರವನ್ನು ಯಾರು ನೆನೆಸುತ್ತಾರೆ ಎಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಒರೆಸಿ ಬಣ್ಣ ಬಳಿದೆ. ಅಣ್ಣ ಬಂದು ತಟ್ಟಿ ನೋಡಿ, "ಪರ್ವಾಗಿಲ್ಲ ಕಣ್ಲಾ, ಕೈ ಕುದುರ್ತು" ಅಂದ.

ಕಾರು ಒಂದು ವಾರ ಬಿಸಿಲಲ್ಲಿ ನಿಂತಿತ್ತು. ಆಮೇಲೆ ಗೌಡರು ಪೂಜೆಗೆಂದು ಕರಿಘಟ್ಟದ ಬೆಟ್ಟಕ್ಕೆ ಹೊರಟರು. ಸ್ಟೀರಿಂಗ್ ಬಲಗಡೆ, ಗೌಡರೇ ಹಿಡಿದಿದ್ದರು. ಅಣ್ಣ ಅವರ ಪಕ್ಕದಲ್ಲಿ, ಸರಿಯಾಗಿ ಆ ಚಕ್ರದ ಕಡೆ. ನಾನು ಹಿಂದೆ. ಶ್ರೀರಂಗಪಟ್ಟಣ ದಾಟುವಾಗ ಕಿರ್ರನೆ ಸದ್ದು ಶುರುವಾಯಿತು. ನೆನೆಸಿದ ಮರ ಒಣಗಿ ಸಡಿಲವಾಗಿದೆ ಎಂದು ನನಗೆ ಗೊತ್ತಾಯಿತು.

"ಆಚಾರ್ರೇ, ಏನದು ಸದ್ದು?" ಎಂದರು ಗೌಡರು.

"ಒಸ ಮರ ಗೌಡ್ರೇ, ಒಸ ಸೊಸೆ ಇದ್ದಂಗೆ. ಎರಡು ದಿನ ಗೊಣಗಿ ಸುಮ್ಕಾಯ್ತದೆ" ಎಂದ ಅಣ್ಣ.

ಬೆಟ್ಟದ ಬುಡದಲ್ಲಿ ನಿಜ ಹೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು ಬೇರೆ.

"ಅಣ್ಣ, ವಾಂತಿ ಬರಂಗಾಯ್ತದೆ. ಇಳ್ಕತೀನಿ."

"ಎತ್ತಿನ್ಗಾಡೀಲಿ ಬೆಳ್ದೋನ್ಗೆ ಕಾರು ಆಗಕಿಲ್ವಲ್ಲೋ" ಎಂದು ಅಣ್ಣ ನಕ್ಕ.

ನಾನು ಇಳಿದೆ. ಅವನನ್ನು ಹೋಗಲು ಬಿಟ್ಟೆ.

ಕಾರು ಬೆಟ್ಟ ಹತ್ತಿದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇಳಿಯುವ ಸದ್ದು ಶುರುವಾದಾಗ ಪ್ರತಿ ತಿರುವನ್ನೂ ಎಣಿಸಿದೆ. ಕೊನೆಯ ತಿರುವಿನ ಮೇಲಿಂದ ಮರ ಮುರಿದ ಸದ್ದು ಬಂತು. ನಮ್ಮ ಕಸುಬಿನ ಸದ್ದು ಅದು. ಬೇರೆ ಏನೋ ಎಂದುಕೊಳ್ಳಲು ಆಗಲಿಲ್ಲ. ಓಡಿದೆ.

ಕಾರು ಬಂಡೆಗೆ ಒರಗಿತ್ತು. ಗೌಡರಿಗೆ ಏನೂ ಆಗಿರಲಿಲ್ಲ. ಅಣ್ಣ ಮುರಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ, "ನೀ ಇಳ್ಕಂಡಿದ್ದೇ ಒಳ್ಳೇದಾಯ್ತು ಬುಡ್ಲಾ" ಅಂದ.

ಆ ಕೈ ಮತ್ತೆ ಮರ ಕೆತ್ತುವ ಬಾಚಿಯನ್ನು ಹಿಡಿಯಲಿಲ್ಲ. ಮರದಲ್ಲೇ ಹುಳುಕಿತ್ತೇನೋ ಎಂದು ಅವನು ಈಗಲೂ ಹೇಳುತ್ತಾನೆ. ನಾನು ಹೂಂಗುಟ್ಟುತ್ತೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಣ್ಣನಿಗೆ ಅದೂ ಇಲ್ಲ. ಬರೆದಿಟ್ಟ ಇದನ್ನು ನಾನೇ ಅವನಿಗೆ ಓದಿ ಹೇಳಬೇಕು. ಹೊರಗೆ ಜಗಲಿಯ ಮೇಲೆ ಕೂತಿದ್ದಾನೆ. ಇನ್ನೂ ಕರೆದಿಲ್ಲ.